ನಮ್ಮ ಮನೆಯ ಗೋಲ್‌ಕೀಪರ್

ನಮ್ಮ ಮನೆಗೆ ಬರುವವರಿಗೆ ಮೊದಲೇ ಒಂದು ಎಚ್ಚರಿಕೆ ಕೊಟ್ಟುಬಿಡುತ್ತೇನೆ. ಕೈಯಿಂದ ಏನನ್ನೂ ಕೆಳಗೆ ಬೀಳಿಸಬೇಡಿ. ಬಿದ್ದರೆ ಅದರ ಆಸೆ ಬಿಟ್ಟುಬಿಡಿ! ನೀವು ಬಗ್ಗುವಷ್ಟರಲ್ಲಿ ಅದು ಬಾಗಿಲಾಚೆ ಹೋಗಿರುತ್ತದೆ. ಯಾಕೆಂದರೆ ನನ್ನ ಅಣ್ಣನ ಮಗಳು ಕಾಲೇಜಿನ ಹಾಕಿ ತಂಡದ ಗೋಲ್‌ಕೀಪರ್.

ಗೋಲ್‌ಕೀಪರ್ ಎಂದರೆ ಚೆಂಡು ಹಿಡಿಯುವವಳು ಎಂದೇ ನಾನೂ ನಂಬಿದ್ದೆ. ಅಲ್ಲವಂತೆ. ಹಾಕಿಯಲ್ಲಿ ಹಿಡಿಯುವ ಮಾತೇ ಇಲ್ಲ, ಒದೆಯುವುದೇ ಎಲ್ಲ. ಅದನ್ನೂ ಎದುರಿಗೆ ಒದೆಯಬಾರದು, ಪಕ್ಕಕ್ಕೆ ಒದೆಯಬೇಕು. ಎದುರಿಗೆ ಒದ್ದರೆ ಎದುರಾಳಿಯ ಕೋಲಿಗೇ ಹೋಗಿ ಸಿಗುತ್ತದಂತೆ. ಈ ಶಾಸ್ತ್ರವನ್ನು ಅವಳು ನೆರೂಳದ ಮೈದಾನದಲ್ಲಿ ಕಲಿಯುತ್ತಾಳೆ, ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಅಭ್ಯಾಸ ಮಾಡುತ್ತಾಳೆ.

ಒಂದು ಭಾನುವಾರ ಅತ್ತಿಗೆಯ ಕೈಯಿಂದ ನೀರುಳ್ಳಿ ಜಾರಿತು. ಇವಳು ಸೋಫಾದಿಂದ ಎದ್ದದ್ದು ಕಾಣಲಿಲ್ಲ, ಕಾಲು ಬೀಸಿದ್ದೂ ಕಾಣಲಿಲ್ಲ. ನೀರುಳ್ಳಿ ಮಾತ್ರ ತೆರೆದ ಬಾಗಿಲಿನಿಂದ ಹಾರಿ, ಎದುರು ಮನೆಯ ಹೊಸ್ತಿಲಲ್ಲಿ ರಂಗೋಲಿ ಹಾಕುತ್ತಿದ್ದ ಮರಾಠಿ ಕಾಕೂ ಅವರ ಮಡಿಲಿಗೆ ಬಿತ್ತು. "ಅಗಂ ಬಾಈ!" ಎಂದು ಕಾಕೂ ಕಿರುಚಿದರು. ಅತ್ತಿಗೆ ನಾಚಿಕೆಯಿಂದ ಒಳಗೆ ಓಡಿದಳು. ಕಾಕೂ ನೀರುಳ್ಳಿಯನ್ನು ಹಿಂದೆ ಕೊಡಲಿಲ್ಲ. ಸಂಜೆ ಅವರ ಮನೆಯಿಂದ ಒಂದು ತಟ್ಟೆ ಕಾಂದಾ ಭಜಿ, ಅಂದರೆ ನೀರುಳ್ಳಿ ಬಜ್ಜಿ, ಬಂತು.

ಮಳೆಗಾಲ ಮುಗಿಯುತ್ತ ಬಂದರೆ ಕಾಲೇಜು ಪಂದ್ಯಗಳ ಮುಂಚಿನ ತಾಲೀಮು ಶುರು. ನಾನು ಬೇಲಾಪುರದ ಆಫೀಸಿಗೆ ಹೋಗುವವಳು. ಅವಳ ತಾಲೀಮಿನ ದಿನಗಳಲ್ಲಿ ಬೇಗ ಹೊರಟು ಠಾಣೆ ಊರಿನ ರೈಲು ನಿಲ್ದಾಣದಲ್ಲಿ ಲೋಕಲ್ ಗಾಡಿ ಬದಲಿಸಿ ನೆರೂಳದವರೆಗೂ ಅವಳ ಜೊತೆಗೇ ಹೋಗುತ್ತೇನೆ. ಜೊತೆಗೆ ಎಂದರೆ ಅವಳ ಚೀಲದ ಜೊತೆಗೆ. ಆ ಚೀಲದಲ್ಲಿ ಕಾಲಿಗೆ ಕಟ್ಟುವ ಹಾಸಿಗೆಯಂಥ ಪ್ಯಾಡು, ಎದೆಕವಚ, ಹೆಲ್ಮೆಟ್, ದಪ್ಪ ಗ್ಲೌಸು, ಎಲ್ಲ ಇರುತ್ತವೆ. ಡೊಂಬಿವಲಿಯ ಲೇಡೀಸ್ ಡಬ್ಬಿಯಲ್ಲಿ ಬೆಳಗಿನ ಹೊತ್ತು ಸೊಳ್ಳೆಗೂ ಜಾಗವಿಲ್ಲ, ಇನ್ನು ಈ ಚೀಲಕ್ಕೆ ಎಲ್ಲಿಯದು?

ಮೊದಲ ವಾರ ದಿನವೂ ಬೈಗುಳ. "ಕ್ಯಾ ಪೂರಾ ಘರ್ ಲೇಕೆ ಆಯೀ ಹೈ?" ಇಡೀ ಮನೆಯನ್ನೇ ಹೊತ್ತು ತಂದೆಯಾ ಎಂದು ಒಬ್ಬಾಕೆ ಕೇಳಿದಳು. ಮರುದಿನ ನಮ್ಮ ಹುಡುಗಿ ಪ್ಲ್ಯಾಟ್‌ಫಾರ್ಮಿನಲ್ಲೇ ಹೆಲ್ಮೆಟ್ ಹಾಕಿದಳು, ಎದೆಕವಚ ಕಟ್ಟಿದಳು, ಪ್ಯಾಡು ಬಿಗಿದಳು. ಚೀಲ ಬರಿದಾಗಿ ಮಡಚಿ ಕಂಕುಳಿಗೆ ಬಂತು. ಗಾಡಿ ಬಂತು. ಆಹಾ, ಆ ದಿನ ಜನ ದಾರಿ ಬಿಟ್ಟದ್ದನ್ನು ನೀವು ನೋಡಬೇಕಿತ್ತು! ಅಂದಿನಿಂದ ಲೇಡೀಸ್ ಡಬ್ಬಿಯಲ್ಲಿ ಹೊಸ ಪದ್ಧತಿ ಹುಟ್ಟಿತು. ಠಾಣೆಯಲ್ಲಿ ಇಳಿಯುವವರೆಲ್ಲ ಇವಳ ಬೆನ್ನ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಬೈದ ಆ ಹೆಂಗಸೇ ಈಗ ಇವಳು ಬಾರದ ದಿನ ನನ್ನನ್ನು ಕೇಳುತ್ತಾಳೆ, "ದೀದೀ, ಆಜ್ ಆಪ್‌ಕಾ ಟ್ಯಾಂಕ್ ನಹೀ ಆಯಾ?"

ತಾಲೀಮು ನೋಡಿದರೆ ನನಗೆ ಎದೆ ನಡುಗುತ್ತದೆ. ಹುಡುಗಿಯರು ಒಬ್ಬರನ್ನೊಬ್ಬರು ಬೆನ್ನಿಗೆ ಹೊತ್ತು ಓಡುತ್ತಾರೆ. ತಡವಾಗಿ ಬಂದವಳು ಎಲ್ಲರ ನೀರಿನ ಕ್ಯಾನು ಹೊರಬೇಕು. ಆಮೇಲೆ ಎಲ್ಲರೂ ಸೇರಿ ನಮ್ಮ ಹುಡುಗಿಯತ್ತ ಚೆಂಡು ಬಾರಿಸುತ್ತಾರೆ. ಆ ಚೆಂಡು ಕಲ್ಲಿನಷ್ಟು ಗಟ್ಟಿ. ನಾನಾಗಿದ್ದರೆ ಗೋಲಿನ ಬಲೆಯ ಹಿಂದೆ ಹೋಗಿ ಅವಿತುಕೊಳ್ಳುತ್ತಿದ್ದೆ. ಇವಳು ಎದುರಿಗೇ ಹೋಗುತ್ತಾಳೆ! ಚೆಂಡು ಪ್ಯಾಡಿಗೆ ಬಡಿದು ಟಪ್ಪೆಂದರೆ ಅವಳ ಮುಖದಲ್ಲಿ ನಗು. ಇಂಥ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಅಣ್ಣನಿಗೆ ಜಿರಳೆ ಕಂಡರೆ ಕುರ್ಚಿ ಬೇಕು.

ಆದರೆ ಒಂದು ಕೊರತೆ. ನಮ್ಮ ಹುಡುಗಿ ಕೂಗುವುದಿಲ್ಲ. ಗೋಲ್‌ಕೀಪರಿಗೆ ಇಡೀ ಮೈದಾನ ಕಾಣುತ್ತದೆ, ಮುಂದೆ ನಿಂತ ಡಿಫೆಂಡರುಗಳಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಅವರಿಗೆ ಕೂಗಿ ಕೂಗಿ ಹೇಳುವುದೇ ಅವಳ ಅರ್ಧ ಕೆಲಸ. ಇವಳೋ ಮನೆಯಲ್ಲೂ ಮಿತಭಾಷಿ. ಇಲ್ಲೇ ಹುಟ್ಟಿದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ, ಅದೂ ಎರಡೇ ಪದ. ಕೋಚ್ ಸರ್ ನನ್ನೆದುರೇ ಹೇಳಿಬಿಟ್ಟರು: "ಮೇಡಂ, ಖಂಬಾ ಭೀ ಬಾಲ್ ರೋಕತಾ ಹೈ. ಮುಝೇ ಖಂಬಾ ನಹೀ, ಕೀಪರ್ ಚಾಹಿಯೇ." ಚೆಂಡನ್ನು ಕಂಬವೂ ತಡೆಯುತ್ತದೆ, ತನಗೆ ಬೇಕಾದ್ದು ಕೀಪರ್ ಎಂದು. ತಂಡದಲ್ಲಿ ಇನ್ನೊಬ್ಬಳು ಕೀಪರ್ ಇದ್ದಳು. ಚೆಂಡು ಅಷ್ಟಾಗಿ ತಡೆಯುತ್ತಿರಲಿಲ್ಲ, ಗಂಟಲು ಮಾತ್ರ ಬೇಲಾಪುರದವರೆಗೂ ಕೇಳಿಸುತ್ತಿತ್ತು. ಇವಳಿಗೆ ಕಾಲೇಜಿನ ಕೊನೆಯ ವರ್ಷ. ತಾಲೀಮಿನ ಕೊನೆಗೆ ನಡೆಯುವ ಪ್ರಾಕ್ಟೀಸ್ ಮ್ಯಾಚಿನಲ್ಲಿ ಬಾಯಿ ಬಿಡದಿದ್ದರೆ ಈ ಸಲವೂ ಬೆಂಚೇ ಗತಿ.

ಕೂಗುವ ವಿದ್ಯೆ ನಮ್ಮ ಮನೆಯಲ್ಲಿ ಇರಲಿಲ್ಲವೆ? ಇತ್ತು! ಅದು ಅಮ್ಮನ ಹತ್ತಿರ, ಅಂದರೆ ಇವಳ ಅಜ್ಜಿಯ ಹತ್ತಿರ ಇತ್ತು. ಉಡುಪಿಯ ಕಡೆಯಿಂದ ಮದುವೆಯಾಗಿ ಬಂದ ಅಮ್ಮ ಇಡೀ ಮನೆಯನ್ನು ಒಲೆಯ ಮುಂದೆ ನಿಂತು, ಬೆನ್ನು ತಿರುಗಿಸದೆ, ಬರೀ ಗಂಟಲಿನಿಂದ ನಡೆಸಿದವಳು. ಕಿಟಕಿಯಲ್ಲಿ ಮೀನಿನ ವಾಸನೆಗೆ ಬೆಕ್ಕು ಇಣುಕಿದರೆ "ಬೆಕ್ಕು ಬಂತು, ಬೆಕ್ಕು!" ಸಂಜೆ ಸೊಳ್ಳೆ ಬರುವ ಹೊತ್ತಿಗೆ "ಬಾಗಿಲು ಹಾಕಿ ಮಾರಾಯ್ರೇ!" ತಾನು ದೇವರ ಮುಂದೆ ಕೂತಾಗ "ಹಾಲು ಉಕ್ಕಿತು!" ಎಂದು ಕೂಗಿದರೆ ಮುಗಿಯಿತು, ಮನೆಯಲ್ಲಿ ಯಾರು ಎಲ್ಲೇ ಇರಲಿ, ಓಡಿ ಹೋಗಿ ಗ್ಯಾಸ್ ಆರಿಸಬೇಕು. ಸ್ನಾನದ ಮನೆಯಿಂದ ಸೋಪು ಮೈಯಲ್ಲೇ ಅಣ್ಣ ಓಡಿ ಬಂದದ್ದುಂಟು. ಮೊಮ್ಮಗಳಿಗೂ ಅಜ್ಜಿಗೂ ದಿನವೂ ಜಗಳ.

"ಒಂದು ಮಾತಾದರೂ ಕನ್ನಡದಲ್ಲಿ ಆಡೇ ಮಾರಾಯ್ತಿ."

"ಸಮಝ್‌ತೀ ಹೂಂ ನಾ, ಅಜ್ಜಿ." ತಿಳಿಯುತ್ತದಲ್ಲ, ಅಷ್ಟು ಸಾಲದೇ ಎನ್ನುವ ಧಾಟಿ.

ಈ ವರ್ಷ ಬೇಸಿಗೆಯಲ್ಲಿ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಬಲಗೈ ಉಳಿಯಿತು, ಮಾತು ಹೋಯಿತು. ಎಲ್ಲ ತಿಳಿಯುತ್ತದೆ, ಬಾಯಿ ತೆರೆದರೆ ಉಸಿರು ಮಾತ್ರ ಬರುತ್ತದೆ. ನಮ್ಮ ಮನೆ ಅಷ್ಟು ಮೌನವಾಗಿರಬಲ್ಲದೆಂದು ನನಗೆ ಗೊತ್ತೇ ಇರಲಿಲ್ಲ. ಹಾಲು ಎಷ್ಟೋ ಸಲ ಉಕ್ಕಿ ಒಲೆಯ ಮೇಲೆ ಹರಿಯಿತು, ಹೇಳುವವರಿಲ್ಲ.

ತಾಲೀಮಿನ ದಿನಗಳಲ್ಲಿ ಹುಡುಗಿಯ ಜೊತೆ ಇಬ್ಬರು ಡಿಫೆಂಡರುಗಳು ಮನೆಗೆ ಬರತೊಡಗಿದರು. ಒಬ್ಬಳು ಉಲ್ಹಾಸನಗರದ ಸಿಂಧಿ ಹುಡುಗಿ, ಇನ್ನೊಬ್ಬಳು ಕಲ್ಯಾಣದ ಮರಾಠಿ ಹುಡುಗಿ. ಅತ್ತಿಗೆಯ ನೀರುದೋಸೆಗೆ ಬರುತ್ತಾರೆಂದು ನಾನು ತಿಳಿದಿದ್ದೆ. ತಿನ್ನುತ್ತಿದ್ದುದೂ ಹಾಗೆಯೇ, ಅತ್ತಿಗೆಯ ಕೈ ಸೋಲುವ ಹಾಗೆ! ತಿಂದ ಮೇಲೆ ಮೂವರೂ ಅಮ್ಮನ ಕೋಣೆ ಸೇರಿ ಬಾಗಿಲು ಮುಚ್ಚುತ್ತಿದ್ದರು. ಒಳಗಿನಿಂದ ಪಿಸುಮಾತು, ನಗು. ಒಮ್ಮೆ ಇಣುಕಿದರೆ ಅಮ್ಮ ಬಲಗೈ ಎತ್ತಿ ಸಿಂಧಿ ಹುಡುಗಿಯನ್ನು ಗದರಿಸುವಂತೆ ಆಡಿಸುತ್ತಿದ್ದಳು. "ಏನೇ ನಡೀತಾ ಉಂಟು ಇಲ್ಲಿ?" ಎಂದೆ. ನಮ್ಮ ಹುಡುಗಿ ಎಂದಿನಂತೆ, "ಕುಛ್ ನಹೀ, ಅತ್ತೆ" ಎಂದಳು.

ಪ್ರಾಕ್ಟೀಸ್ ಮ್ಯಾಚಿನ ದಿನ ಅಮ್ಮನನ್ನೂ ಕರೆತರಬೇಕೆಂದು ಅವಳದೇ ಹಟ. ಅಣ್ಣ ಕಾರು ಮಾಡಿದ. ನೆರೂಳದ ಮೈದಾನದ ಅಂಚಿನಲ್ಲಿ, ಗೋಲಿನ ಹತ್ತಿರವೇ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿದೆವು. ಆಟ ಶುರುವಾಯಿತು. ಎದುರಾಳಿ ಕಾಲೇಜಿನ ಹುಡುಗಿಯರು ನುಗ್ಗಿ ಬಂದರು. ನಮ್ಮವಳು ಎಂದಿನಂತೆ ಸುಮ್ಮನಿದ್ದಾಳೆ. ಕೋಚ್ ಸರ್ ಬೆಂಚಿನಲ್ಲಿದ್ದ ಇನ್ನೊಬ್ಬ ಕೀಪರಿನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿಕೊಂಡೆ.

ಆಗ ಅಮ್ಮನ ಧ್ವನಿ ಕೇಳಿಸಿತು.

"ಬೆಕ್ಕು ಬಂತು, ಬೆಕ್ಕು!"

ಅದೇ ಏರಿಳಿತ, ಅದೇ ಸಿಟ್ಟು! ನಾನು ಬೆಚ್ಚಿ ಅಮ್ಮನನ್ನು ನೋಡಿದೆ. ಅಮ್ಮನ ಬಾಯಿ ಮುಚ್ಚಿತ್ತು. ಕೂಗಿದ್ದು ಹೆಲ್ಮೆಟ್ಟಿನ ಒಳಗಿನಿಂದ. ಕಲ್ಯಾಣದ ಹುಡುಗಿ ಥಟ್ಟನೆ ತಿರುಗಿ, ಹಿಂದಿನಿಂದ ಕಳ್ಳ ಹೆಜ್ಜೆಯಲ್ಲಿ ಬಂದವಳ ಕೋಲಿನಿಂದ ಚೆಂಡು ಕಸಿದಳು. ಮರುಕ್ಷಣ "ಬಾಗಿಲು ಹಾಕಿ ಮಾರಾಯ್ರೇ!" ಇಬ್ಬರೂ ಡಿಫೆಂಡರುಗಳು ಭುಜಕ್ಕೆ ಭುಜ ಸೇರಿಸಿ ದಾರಿ ಮುಚ್ಚಿದರು. ಎದುರಾಳಿಗಳಿಗೆ ಹಿಂದಿ ಗೊತ್ತು, ಮರಾಠಿ ಗೊತ್ತು, ಇಂಗ್ಲಿಷೂ ಗೊತ್ತು. ನಮ್ಮ ಅಮ್ಮನ ಅಡುಗೆಮನೆ ಅವರಿಗೆ ಎಲ್ಲಿ ಗೊತ್ತು? ಕೋಚ್ ಸರ್ ನನ್ನ ಹತ್ತಿರ ಓಡಿ ಬಂದರು. "ಯೇ ಕೌನ್ ಸಾ ಕೋಡ್ ಹೈ, ಮೇಡಂ?" ಇದು ಯಾವ ಗುಪ್ತಭಾಷೆ ಎಂದು ಕೇಳಿದರು. ನಾನು ಅಮ್ಮನ ಕುರ್ಚಿಯತ್ತ ಕೈ ತೋರಿಸಿದೆ.

ಕೊನೆಯ ಗಳಿಗೆಯಲ್ಲಿ ಗೋಲಿನೆದುರು ಜನವೋ ಜನ, ಚೆಂಡು ಯಾರ ಕಾಲ ಬಳಿ ಇದೆಯೋ ತಿಳಿಯದು. "ಹಾಲು ಉಕ್ಕಿತು!" ಎಂಬ ಕೂಗಿಗೆ ಮೈದಾನವೇ ಬೆಚ್ಚಿತು. ಸಿಂಧಿ ಹುಡುಗಿ ಎಲ್ಲ ಬಿಟ್ಟು ಓಡಿ ಬಂದಳು, ನಮ್ಮವಳು ಮೈಚೆಲ್ಲಿ ಬಿದ್ದು ಕಾಲು ಬೀಸಿದಳು, ಚೆಂಡು ಪಕ್ಕಕ್ಕೆ ಹಾರಿತು. ನನ್ನ ಪಕ್ಕದಲ್ಲಿ ಅಮ್ಮನ ಬಲಗೈ ತನ್ನಷ್ಟಕ್ಕೆ ಮೇಲೆದ್ದು ಗಾಳಿಯಲ್ಲಿ ತಿರುಗಿತು. ಗ್ಯಾಸ್ ಆರಿಸಿದಳು, ನಮ್ಮಮ್ಮ.

ಮ್ಯಾಚು ಗೋಲಿಲ್ಲದೆ ಮುಗಿಯಿತು. ಕೋಚ್ ಸರ್ ಅಲ್ಲೇ ಹೇಳಿದರು, ಈ ವರ್ಷ ಗೋಲಿಗೆ ನಿಲ್ಲುವವಳು ಇವಳೇ ಎಂದು. ತಂಡದವರು ಅವಳನ್ನು ಎತ್ತಿಕೊಳ್ಳಲು ಬಂದರೆ ಅವಳು ತಪ್ಪಿಸಿಕೊಂಡು, ಪ್ಯಾಡು ಕಟ್ಟಿದ ಕಾಲಿನಲ್ಲಿ ದಪದಪ ಓಡುತ್ತ ಅಮ್ಮನ ಕುರ್ಚಿಯ ಮುಂದೆ ಬಂದು ಮಂಡಿಯೂರಿದಳು. ಹೆಲ್ಮೆಟ್ ತೆಗೆದಳು. ಬೆವರಿಳಿಯುವ ಮುಖವನ್ನು ಅಮ್ಮ ಸೆರಗಿನಿಂದ ಒರೆಸಿದಳು. ನಾನು ನಾಚಿಕೆ ಬಿಟ್ಟು ಅಳುತ್ತಿದ್ದೆ.

"ಅಜ್ಜಿ," ಎಂದಳು ನಮ್ಮ ಹುಡುಗಿ, ತಡವರಿಸುತ್ತ, ಪದ ಹುಡುಕುತ್ತ, "ಹಾಲು... ಒಂದು ತೊಟ್ಟೂ ಚೆಲ್ಲಲಿಲ್ಲ."