ಟವೆಲ್ ಹಾಕಿದ ಹೆಲಿಕಾಪ್ಟರ್

ವಿಮಾನ ನಿಲ್ದಾಣದ ಟವರಿನಲ್ಲಿ ಕೂತು ವಿಮಾನ ಇಳಿಸುತ್ತಿದ್ದಷ್ಟು ಕಾಲ ಡ್ಯೂಟಿಯಲ್ಲಿ ನಾನು ನಕ್ಕವನೇ ಅಲ್ಲ. ನಿವೃತ್ತನಾಗಿ ಕೊಪ್ಪಕ್ಕೆ ಬಂದು ಒಂದು ಹೆಲಿಪ್ಯಾಡ್ ಮಾಡಿಸಲು ಹೊರಟೆ ನೋಡಿ, ಅಲ್ಲಿಂದ ದಿನಕ್ಕೊಂದು ಫಜೀತಿ.

ಹೊರಟ ಕಾರಣ ಮಾತ್ರ ನಗುವಂಥದ್ದಲ್ಲ. ಕೆರೆಕಟ್ಟೆಯ ಬಸುರಿಯೊಬ್ಬಳನ್ನು ಘಾಟಿ ಇಳಿಸಿ ದೊಡ್ಡಾಸ್ಪತ್ರೆಗೆ ಸೇರಿಸುವಷ್ಟರಲ್ಲಿ ಅವಳ ಜೀವ ಹೋಗಿ ಬಂದಿತ್ತು. ತಮ್ಮ ಬಸ್ಸಿನಲ್ಲೇ ಅವಳನ್ನು ಮಲಗಿಸಿಕೊಂಡು ಹೋದ ಕಂಡಕ್ಟರೂ ಈಗ ನನ್ನಂತೆ ನಿವೃತ್ತರು. ಹೆಲಿಪ್ಯಾಡಿಗೆಂದು ಆರಿಸಿದ ನಮ್ಮ ಮೈದಾನ ಪರೀಕ್ಷೆಯಲ್ಲಿ ಪಾಸಾದರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲೂಕಿನ ರೋಗಿಗಳಿಗೆ ಹೆಲಿಕಾಪ್ಟರ್ ಬರುತ್ತದೆ. ಎಲ್ಲವೂ ಅಂತಾರಾಷ್ಟ್ರೀಯ ಮಟ್ಟದಲ್ಲೇ ಆಗಬೇಕೆಂದು ನಾನು ಹಟ ಹಿಡಿದೆ. ಕಂಡಕ್ಟರು ನನ್ನ ಸಹಾಯಕರಾದರು.

ಗಾಳಿಚೀಲ

ಗಾಳಿಯ ದಿಕ್ಕು ಪೈಲಟ್‌ಗೆ ತಿಳಿಯಲು ಕಂಬದ ತುದಿಯಲ್ಲಿ ಉದ್ದನೆಯ ಬಟ್ಟೆಚೀಲ ಹಾರುತ್ತಿರಬೇಕು. ಅದರ ಎರಡೂ ಬಾಯಿ ತೆರೆದಿರಬೇಕು. ಟೈಲರಿಗೆ ಚಿತ್ರ ಬರೆದು ಕೊಟ್ಟೆ. ಹೊಲಿಗೆ ಬಲು ಚಂದ, ಆದರೆ ಒಂದು ಬಾಯಿ ಮುಚ್ಚಿತ್ತು.

"ಎರಡೂ ಕಡೆ ತೆರೆದಿರ್ಲಿ ಅಂದಿದ್ದೆನಲ್ಲ?"

"ನಿಮಗೆ ಗೊತ್ತಾಗ್ಲಿಲ್ಲ ಮಾರಾಯ್ರೇ. ಹಾಕಿದ್ದೆಲ್ಲ ಆಚೆಯಿಂದ ಬಿದ್ದು ಹೋಗ್ತಿತ್ತು!"

ಬಿಡುವವನೇ ನಾನು? ಎದುರೇ ಕೂತು ಬಿಚ್ಚಿಸಿದೆ. ಮಾರನೆಯ ದಿನ ಎರಡೂ ಬಾಯಿ ತೆರೆದ ಚೀಲ ಬಂತು. ಪಕ್ಕದಲ್ಲೊಂದು ಜೇಬಿತ್ತು.

ಬಳಕೆದಾರರ ಅಗತ್ಯ

ರೇಡಿಯೋದಲ್ಲಿ ಬೇಕಾದಷ್ಟೇ ಮಾತಾಡಬೇಕು, ಪೈಲಟ್‌ನ ಅಗತ್ಯ ಏನೋ ಅದಷ್ಟೇ ಎಂದು ಕಂಡಕ್ಟರಿಗೆ ವಾರಗಟ್ಟಲೆ ಪಾಠ ಮಾಡಿದೆ. ಪ್ರಯೋಗಕ್ಕೆ ಬಂದ ಹೆಲಿಕಾಪ್ಟರ್ ಮೇಲೆ ಸುತ್ತುತ್ತಿತ್ತು.

"ಕೊಪ್ಪ, ಗಾಳಿ ಯಾವ ಕಡೆಯಿಂದ?" ಎಂದರು ಪೈಲಟ್.

"ನಮಸ್ಕಾರ ಸಾರ್, ಬನ್ನಿ ಬನ್ನಿ. ತಿಂಡಿ ಆಯ್ತಾ?"

"ಆಯ್ತು. ಗಾಳಿ?"

"ಗಾಳಿ ಇರ್ಲಿ, ಎಂತ ತಿಂದ್ರಿ?"

ರೇಡಿಯೋ ಕಿತ್ತುಕೊಂಡು ಗದರಿದೆ. ಅವರು ಜಗ್ಗಲಿಲ್ಲ. "ಬೆಳಗ್ಗೆ ಬೆಂಗ್ಳೂರು ಬಿಟ್ಟು ಬಂದವ್ರಿಗೆ ತಿಂಡಿಗಿಂತ ಅಗತ್ಯ ಎಂತ ಉಂಟು ಹೇಳಿ!"

ಪರೀಕ್ಷೆಯ ದಿನ

ಅದೇ ಪೈಲಟ್ ಪರೀಕ್ಷಕರಾಗಿ ಬಂದರು. ಹೆಲಿಕಾಪ್ಟರ್ ಹೂವಿನಂತೆ ಇಳಿಯಿತು. ಅವರು ಮೈದಾನವೆಲ್ಲ ಅಳೆದು ನೋಡಿ, ಪಾಸೋ ಫೇಲೋ ಹೇಳದೆ ಹಾರಿ ಹೋದರು. ಎರಡೇ ನಿಮಿಷಕ್ಕೆ ರೇಡಿಯೋ ಗುರುಗುಟ್ಟಿತು.

"ರೋಗಿ ಮಲಗುವ ಸ್ಟ್ರೆಚರ್ ಮೇಲೆ ಒಂದು ಕೆಂಪು ಟವೆಲ್ ಇದೆ. ಯಾರದ್ದು?"

ಹೊರಗಿನ ಒಂದು ದಾರವೂ ಒಳಗೆ ಹೋಗಬಾರದೆಂಬುದು ನಿಯಮ. ತಿರುಗಿ ನೋಡಿದರೆ, ಸದಾ ಕೆಂಪು ಟವೆಲ್ ಇರುತ್ತಿದ್ದ ಕಂಡಕ್ಟರ ಹೆಗಲು ಖಾಲಿ. ಅವರೇ ಮುಂದೆ ಬಂದು ರೇಡಿಯೋ ತೆಗೆದುಕೊಂಡರು.

"ನಂದೇ ಸಾರ್. ಕಿಟಕಿಯಿಂದ ಹಾಕಿ ಸೀಟು ಹಿಡಿದಿದ್ದೀನಿ."

"ಯಾರಿಗೆ?"

"ಕೆರೆಕಟ್ಟೆ ಕಡೆಯಿಂದ ಇನ್ನು ಹೆರಿಗೆಗೆ ಹೋಗೋರಿಗೆ. ಟವೆಲ್ ಹಾಕಿದ ಸೀಟು ಬೇರೆ ಊರಿಗೆ ಕೊಡೋ ಹಾಗಿಲ್ಲ. ನೀವು ಇಲ್ಲಿಗೆ ಬರ್ಲೇಬೇಕು!"

ಮುಗಿಯಿತು ಕಥೆ ಎಂದುಕೊಂಡೆ. ಅಷ್ಟರಲ್ಲಿ ರೇಡಿಯೋದಲ್ಲಿ ಪೈಲಟ್‌ ಅವರ ಜೋರು ನಗು ಕೇಳಿಸಿತು.

ಅನುಮತಿ ಬಂತು. ಮಳೆಗಾಲ ಹಿಡಿಯುವ ಮೊದಲೇ ಹೆಲಿಕಾಪ್ಟರೂ ಬಂತು, ಹಾವು ಕಚ್ಚಿದ ಕಿಗ್ಗದ ಅಜ್ಜಿಯೊಬ್ಬರನ್ನು ಒಯ್ಯಲು. ಅಜ್ಜಿ ಈಗ ಗಟ್ಟಿಮುಟ್ಟಾಗಿ ಮನೆಯಲ್ಲಿದ್ದಾರೆ. ಅಂದು ಅವರನ್ನು ಮಲಗಿಸುವಾಗ ಪೈಲಟ್ ಸ್ಟ್ರೆಚರ್ ಮೇಲೇ ಇದ್ದ ಆ ಟವೆಲನ್ನು ಮಡಿಸಿ ಕಂಡಕ್ಟರ ಕೈಗಿಟ್ಟರು. ನನ್ನ ಕಣ್ಣು ತುಂಬಿ ಬಂತು.

ಕಂಡಕ್ಟರು ಅದನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದರು.

"ಎಂತ ಅಂತಾರಾಷ್ಟ್ರೀಯ ಮಾರಾಯ್ರೇ? ಇಷ್ಟು ದಿನ ಇಟ್ಕೊಂಡು ಒಂದು ಸಲ ಒಗೆದೂ ಇಲ್ಲ!"