ಕಣ್ಣಳತೆಯ ಎಪ್ಪತ್ತೈದು ಇಂಚು

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಚಾಲಕನಿಗೆ ಟೇಪು ಹಿಡಿದು ಅಳೆಯುವವರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಮಾರುಕಟ್ಟೆ ರಸ್ತೆಯ ತಿರುವಿನಲ್ಲಿ ಒಂದು ಕಡೆ ಹಣ್ಣಿನ ಗಾಡಿ, ಇನ್ನೊಂದು ಕಡೆ ಲೈಟ್ ಕಂಬ. ನಡುವೆ ಬಸ್ಸು ನುಸುಳಿದರೆ ಎರಡೂ ಬದಿಗೆ ನಾಲ್ಕು ನಾಲ್ಕು ಬೆರಳು ಉಳಿಯುವಷ್ಟು ಜಾಗ. ಅಲ್ಲಿ ಅವನು ದಿನಕ್ಕೆ ಆರು ಸಲ, ಮಾತು ಕೂಡ ನಿಲ್ಲಿಸದೆ, ಸೂಜಿಗೆ ದಾರ ಪೋಣಿಸಿದ ಹಾಗೆ ಬಸ್ಸನ್ನು ದಾಟಿಸುತ್ತಿದ್ದ. ಅಂಥ ಕಣ್ಣಿರುವವನು ಒಂದು ಟಿವಿಯ ಅಳತೆಗೆ ಇನ್ನೊಬ್ಬರ ಮುಖ ನೋಡುವುದೆಂದರೇನು!

ಟಿವಿ ಬೇಕಾಗಿದ್ದು ಅವನ ಅತ್ತೆಗೆ. ಬಚ್ಚಲಲ್ಲಿ ಜಾರಿ ಕಾಲಿನ ಮೂಳೆ ಮುರಿದುಕೊಂಡ ಆಕೆ, ಮೂರು ತಿಂಗಳ ಮಟ್ಟಿಗೆ ಮಗಳ ಮನೆಯ ಹಾಲ್‌ನಲ್ಲಿ ಮಂಚ ಹಿಡಿದಿದ್ದರು. ಅವರು ಬಂದ ನಾಲ್ಕನೇ ದಿನ ಮನೆಯ ಹಳೇ ಟಿವಿ ಮೈಮೇಲೆ ಒಂದು ಬಿಳಿ ಗೆರೆ ಎಳೆದುಕೊಂಡು ಶಾಶ್ವತವಾಗಿ ಕಣ್ಣು ಮುಚ್ಚಿತು. ಆಮೇಲೆ ಅತ್ತೆ ಬೆಳಗಿನಿಂದ ಸಂಜೆಯವರೆಗೆ ಗೋಡೆಯನ್ನೇ ನೋಡಿಕೊಂಡು ಮಲಗುವುದನ್ನು ಅಳಿಯನಿಂದ ಸಹಿಸಲಾಗಲಿಲ್ಲ. ನಾಳೆ ಸಂಜೆಯೊಳಗೆ ಈ ಗೋಡೆಗೆ ತಕ್ಕ ಟಿವಿ ಈ ಗೋಡೆಯ ಮೇಲೆ ಇರುತ್ತದೆ ಎಂದು ಮಂಚದ ಬಳಿ ನಿಂತು ಘೋಷಿಸಿಬಿಟ್ಟ.

ಅವನ ಹೆಂಡತಿ ಹೊಲಿಗೆಯವಳು. ಹಾಲ್‌ನ ಕಿಟಕಿ ಪಕ್ಕದಲ್ಲೇ ಅವಳ ಮಿಷನ್ನು. ಗುಂಡಿಯ ಕಾಜ ಹಾಕುವ ಮೊದಲೂ ಗುಂಡಿಯನ್ನು ಅಳೆಯುವ ಪೈಕಿ. ಅವಳು ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ತೆಗೆದು ಅವನ ಮುಂದೆ ಹಿಡಿದಳು.

"ರೀ, ಗೋಡೆ ಅಳತೆ ತಗೊಂಡು ಹೋಗಿ. ಮಂಚದಿಂದ ಗೋಡೆಗೆ ಎಷ್ಟು ದೂರ ಅಂತಾನೂ ಕೇಳ್ತಾರೆ."

"ನಲವತ್ತು ಅಡಿ ಬಸ್ಸು ನೋಡೋ ಕಣ್ಣಿಗೆ ಟೇಪ್ ಯಾಕೆ ಬೇಕು? ಅದನ್ನ ನಿನ್ನ ರವಿಕೆಗಳಿಗೇ ಇಟ್ಕೋ," ಎಂದು ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ಅಂಗಡಿಯೋ, ಬಸ್ ಡಿಪೋದಷ್ಟು ಎತ್ತರದ ಚಾವಣಿಯದು. ಆ ವಿಸ್ತಾರದಲ್ಲಿ ನಲವತ್ತಮೂರು ಇಂಚಿನ ಟಿವಿ ಅವನ ಕಣ್ಣಿಗೆ ಮಕ್ಕಳ ಸ್ಲೇಟಿನಂತೆ ಕಂಡಿತು. ಐವತ್ತೈದು ಇಂಚಿನದು ಗೋಡೆಯ ಕ್ಯಾಲೆಂಡರಿನಂತೆ. ಇಷ್ಟು ಚಿಕ್ಕದನ್ನು ಹೊತ್ತುಕೊಂಡು ಹೋದರೆ ಅತ್ತೆ ಏನೆಂದುಕೊಂಡಾರು? ಎಷ್ಟು ದೂರದಲ್ಲಿ ಕೂತು ನೋಡುತ್ತೀರಿ ಎಂದು ಅಂಗಡಿಯವನು ಕೇಳಿದ. ಚಾಲಕ ಕಣ್ಣು ಮುಚ್ಚಿ, ಮನೆಯ ಹಾಲನ್ನು ಮನಸ್ಸಿನಲ್ಲಿ ತಂದು ನಿಲ್ಲಿಸಿಕೊಂಡು, ಹದಿನೈದು ಅಡಿ ಎಂದ. ಹಾಗಾದರೆ ಎಪ್ಪತ್ತೈದೇ ಸರಿ ಎಂದು ಅಂಗಡಿಯವನು ಬೆರಳು ತೋರಿಸಿದ. ಅಷ್ಟು ದೊಡ್ಡ ಅಂಗಡಿಯಲ್ಲಿ ಅದೊಂದೇ ಟಿವಿ ಟಿವಿಯ ಹಾಗೆ ಕಾಣುತ್ತಿತ್ತು.

ಮಾರನೇ ದಿನ ಹನ್ನೊಂದು ಗಂಟೆಗೆ ಪೆಟ್ಟಿಗೆ ಬಂತು. ಎರಡನೇ ಮಹಡಿಯ ಮನೆ. ಇಬ್ಬರು ಆಳುಗಳು ಹೊತ್ತು ತಂದರು. ಮೊದಲ ಮಹಡಿ ದಾಟುವವರೆಗೆ ಎಲ್ಲ ಸುಸೂತ್ರ. ಆಮೇಲಿನ ತಿರುವಿನಲ್ಲಿ ಪೆಟ್ಟಿಗೆ ಗೋಡೆಗೂ ಕಂಬಿಗೂ ನಡುವೆ ಬೆಣೆ ಹೊಡೆದಂತೆ ಕೂತುಬಿಟ್ಟಿತು. ಮಲಗಿಸುವ ಹಾಗಿಲ್ಲ, ಪರದೆ ಬಿರುಕು ಬಿಡುತ್ತದೆ ಎಂದು ಪೆಟ್ಟಿಗೆಯ ಮೇಲೇ ಬರೆದಿತ್ತು. ಚಾಲಕ ಮೇಲಿನ ಮೆಟ್ಟಿಲ ಮೇಲೆ ನಿಂತು, ಬರಲಿ, ಬರಲಿ, ಬಲಕ್ಕೆ ಹೊಡೀರಿ, ಸ್ವಲ್ಪ ಹಿಂದಕ್ಕೆ ಎಂದು ಮುಕ್ಕಾಲು ಗಂಟೆ ಕೈಬೀಸಿದ. ಪೆಟ್ಟಿಗೆ ಬಲಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಅಷ್ಟರಲ್ಲಿ ಎದುರುಮನೆಯ ನರ್ಸಮ್ಮ ಡ್ಯೂಟಿಗೆಂದು ಬಿಳಿ ಸಮವಸ್ತ್ರದಲ್ಲಿ ಬಂದು ಅವನ ಬೆನ್ನ ಹಿಂದೆ ನಿಂತಿದ್ದಳು. ತುಂಬ ತಾಳ್ಮೆಯವಳು. ಹತ್ತು ನಿಮಿಷ ನೋಡಿ, "ಅಣ್ಣಾ, ನಿಮ್ಮ ಬಸ್ಸು ಎಷ್ಟು ಗಂಟೆಗೆ ಹೊರಡುತ್ತೆ?" ಎಂದು ಕೇಳಿದಳು.

ಕೊನೆಗೆ ಆ ತಿರುವಿನಲ್ಲೇ ಪೆಟ್ಟಿಗೆ ಹರಿದು, ಬರೀ ಟಿವಿಯನ್ನು ಕೂಸಿನಂತೆ ಎದೆಗವಚಿಕೊಂಡು ಮೇಲೆ ತಂದರು. ಹರಿಯುವ ಮೊದಲೇ ಆಳುಗಳು ಎಚ್ಚರಿಸಿದ್ದರು: ಪೆಟ್ಟಿಗೆ ಹರಿದ ಮಾಲನ್ನು ಅಂಗಡಿ ವಾಪಸ್ ತಗೊಳ್ಳುವುದಿಲ್ಲ. ವಾಪಸ್ ಕೊಡುವವರು ಯಾರು ಎಂದು ಚಾಲಕ ನಕ್ಕಿದ್ದ. ಆ ಟಿವಿಯ ವಿಷಯದಲ್ಲಿ ಅವನು ನಕ್ಕಿದ್ದು ಅದೇ ಕೊನೆ.

ಗೋಡೆಗೆ ತೂಗುಹಾಕಲು ಬಂದ ಮೆಕ್ಯಾನಿಕ್ ಡ್ರಿಲ್ ಹಿಡಿದು ಸುಮ್ಮನೆ ನಿಂತ. ಸ್ವಿಚ್ ಬೋರ್ಡು ಪೂರ್ತಿ ಟಿವಿಯ ಹಿಂದೆ ಹೋಗುತ್ತದೆ, ಕಿಟಕಿಯೂ ಅರ್ಧ ಮುಚ್ಚುತ್ತದೆ, ಪರವಾಗಿಲ್ಲವೇ ಎಂದು ಕೇಳಿದ. ಬೇರೆ ಗೋಡೆ ಎಲ್ಲಿದೆ? ಫ್ಯಾನು ತಿರುಗುತ್ತಿರುವಾಗಲೇ ಬೋರ್ಡು ಮರೆಯಾಯಿತು. ಆ ಗಳಿಗೆಯಿಂದ ಫ್ಯಾನು ಹಗಲಿರುಳು ಐದನೇ ನಂಬರಿನಲ್ಲೇ ತಿರುಗಿತು. ಅತ್ತೆ ಎರಡು ಕಂಬಳಿ ಹೊದ್ದರು. ಬೆಳಕು ಹೋದ ಕಿಟಕಿಯ ಬಳಿಯಿಂದ ಹೆಂಡತಿ ತನ್ನ ಮಿಷನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

ಟಿವಿ ಹಚ್ಚಿದರು. ವಾರ್ತೆ ಓದುವವನ ಮುಖ ಬಾಗಿಲಿನಷ್ಟು ದೊಡ್ಡದಾಗಿ ಗೋಡೆಯಿಂದ ಹೊರಟು ಬಂತು. ಬೆಚ್ಚಿ ಹಿಂದೆ ಸರಿದ ಚಾಲಕನ ಬೆನ್ನು ಎರಡನೇ ಹೆಜ್ಜೆಗೇ ಎದುರಿನ ಗೋಡೆಗೆ ಬಡಿಯಿತು. ತನ್ನ ಹದಿನೈದು ಅಡಿ ಇಷ್ಟು ಬೇಗ ಮುಗಿದದ್ದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅತ್ತೆ ಮಾತ್ರ ಕಂಬಳಿಯೊಳಗಿಂದ, "ಚೆನ್ನಾಗಿದೆ ಅಳಿಯಂದ್ರೇ, ಎಲ್ಲಾ ಕಾಣುತ್ತೆ," ಎಂದರು. ಕಾಣುತ್ತಿತ್ತು, ನಿಜ, ಆದರೆ ಒಟ್ಟಿಗಲ್ಲ. ಧಾರಾವಾಹಿಯ ಸೊಸೆ ಮಾತಾಡಿದರೆ ಎಡಕ್ಕೆ ಕತ್ತು ತಿರುಗಿಸಬೇಕು, ಅವಳ ಅತ್ತೆ ಉತ್ತರ ಕೊಟ್ಟರೆ ಬಲಕ್ಕೆ. ಮೂರು ದಿನ ಕಳೆಯುವಷ್ಟರಲ್ಲಿ ಮನೆಯಲ್ಲೆಲ್ಲ ಕತ್ತಿಗೆ ಹಚ್ಚುವ ನೋವಿನ ಎಣ್ಣೆಯ ವಾಸನೆ.

ನಾಲ್ಕನೇ ದಿನ ಅವನು ಪಾಳಿ ಬೇಗ ಮುಗಿಸಿ ಮಧ್ಯಾಹ್ನವೇ ಮನೆಗೆ ಬಂದ. ಟಿವಿ ಕೂಗುತ್ತಿತ್ತು. ಅತ್ತೆ ತಲೆಗೆ ಶಾಲು ಸುತ್ತಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು. ನಿದ್ದೆಯಿರಬೇಕೆಂದು ಅವನು ಟಿವಿ ಆರಿಸಿದ.

"ಇರಲಿ ಬಿಡಿ, ಕೇಳ್ತಾ ಇದ್ದೆ," ಎಂದರು ಅತ್ತೆ, ಕಣ್ಣು ತೆರೆಯದೆ. "ಕಣ್ಣು ಬಿಟ್ಟರೆ ತಲೆ ಸುತ್ತುತ್ತೆ. ನೀವು ಅಷ್ಟು ಆಸೆಯಿಂದ ತಂದಿದ್ದೀರಿ. ನೋಡೋಕಾಗದೇ ಇದ್ರೂ ಕೇಳಿಸ್ಕೊಳ್ಳೋಣ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ. ಮಂಚದ ತುದಿಯಲ್ಲಿ ಕುಸಿದು ಕೂತು ಅಂಗಡಿಗೆ ಫೋನ್ ಮಾಡಿದ. ಅಂಗಡಿಯವನು ಪೆಟ್ಟಿಗೆಯ ಕ್ಷೇಮಸಮಾಚಾರ ಒಂದನ್ನೇ ವಿಚಾರಿಸಿದ.

ಮರುದಿನ ಆಗಬಾರದ್ದು ಆಯಿತು. ಮಾರುಕಟ್ಟೆ ರಸ್ತೆಯ ತಿರುವಿಗೆ ಬರುತ್ತಿದ್ದಂತೆ ಚಾಲಕನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಬಸ್ಸು ನಿಂತಿತು. ಇಪ್ಪತ್ತೆರಡು ವರ್ಷ ಅದೇ ಗಾಡಿ, ಅದೇ ಕಂಬ. ಇವತ್ತು ಆ ಜಾಗ ಎಷ್ಟಿದೆ ಎಂದೇ ಅವನಿಗೆ ಗೊತ್ತಾಗುತ್ತಿಲ್ಲ. ಕಂಡಕ್ಟರ್ ಎರಡು ಸಲ ಸೀಟಿ ಊದಿ ಮುಂದೆ ಬಂದ.

"ಸ್ವಲ್ಪ ಇಳಿದು ನೋಡಪ್ಪ," ಎಂದ ಚಾಲಕ ತಗ್ಗಿದ ದನಿಯಲ್ಲಿ, "ಹೋಗುತ್ತಾ ಅಂತ."

ಕಂಡಕ್ಟರ್ ಅವನ ಹಣೆ ಮುಟ್ಟಿ ನೋಡಿ ಇಳಿದ. ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಹಾಕಿದರು. ಹಣ್ಣಿನವನು, ಒಮ್ಮೆಯೂ ಗಾಡಿ ಸರಿಸದ ಆ ಮಹಾನುಭಾವ, ತಾನಾಗಿಯೇ ಗಾಡಿಯನ್ನು ಎರಡು ಮಾರು ಹಿಂದಕ್ಕೆ ಎಳೆದುಕೊಂಡು, ಬಾ ಅಣ್ಣ, ಬಾ ಎಂದು ಕೈ ಮಾಡಿದ. ಆ ಕರುಣೆಯ ನಡುವೆ ಚಾಲಕ ತಲೆ ತಗ್ಗಿಸಿಕೊಂಡು ಬಸ್ಸು ದಾಟಿಸಿದ.

ಸಂಜೆ ಮನೆಗೆ ಬಂದವನು ಹೆಂಡತಿಯ ಮುಂದೆ ಕೈ ಚಾಚಿ ಟೇಪು ಕೇಳಿದ. ಅವಳು ಯಾಕೆ ಎಂದೂ ಕೇಳದೆ ಇನ್ನೊಂದು ತುದಿ ಹಿಡಿದುಕೊಂಡಳು. ಗೋಡೆಯಿಂದ ಗೋಡೆಗೆ ಒಂಬತ್ತು ಅಡಿ. ಮಂಚದ ಅಗಲ ಕಳೆದರೆ ಆರು. ಹದಿನೈದು ಅಡಿ ದೂರ ಬೇಕಾದರೆ ಅತ್ತೆಯ ಮಂಚ ಎದುರಿನ ಬಾಗಿಲು ದಾಟಿ ಅಡುಗೆಮನೆಯ ಕೊನೆಗೆ ಹೋಗಬೇಕು. ಹೋಯಿತು. ಒಲೆ, ಮಿಷನ್ನು, ಮಂಚ, ಅತ್ತೆ, ಎಲ್ಲರೂ ಅಡುಗೆಮನೆಯಲ್ಲಿ. ಹಾಲ್‌ನಲ್ಲಿ ಟಿವಿ ಒಂದೇ, ಫ್ಯಾನಿನ ಗಾಳಿ ತಿನ್ನುತ್ತಾ. ಬಾಗಿಲು ಗೋಡೆಯ ಮೂಲೆಗಿದ್ದುದರಿಂದ ಮಂಚದಿಂದ ಪರದೆಯ ಎಡ ಅರ್ಧ ಮಾತ್ರ ಕಾಣುತ್ತಿತ್ತು. ಸೊಸೆ ಕಾಣುತ್ತಾಳೆ, ಅವಳ ಅತ್ತೆ ಕಾಣುವುದಿಲ್ಲ. ಅಷ್ಟು ಸಾಕು, ತಲೆ ಸುತ್ತುತ್ತಿಲ್ಲವಲ್ಲ ಎಂದು ಚಾಲಕನ ಅತ್ತೆ ಮತ್ತೆ ಕಣ್ಣು ಬಿಟ್ಟುಕೊಂಡು ನೋಡತೊಡಗಿದರು.

ಎರಡು ದಿನದ ಮೇಲೆ, ಮೂವರೂ ಮಂಚದ ಮೇಲೆ ಒತ್ತೊತ್ತಿಕೊಂಡು ಊಟ ಮಾಡುತ್ತಿದ್ದಾಗ ಫೋನ್ ಬಂತು. ಅಂಗಡಿಯ ಹುಡುಗಿ. ಹೊಸ ಟಿವಿ ನಿಮಗೆ ತೃಪ್ತಿ ತಂದಿದೆಯೇ, ಏನಾದರೂ ದೂರು ಇದೆಯೇ ಎಂದು ಜೇನಿನಂಥ ದನಿಯಲ್ಲಿ ವಿಚಾರಿಸಿದಳು. ಚಾಲಕ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿದ.

"ಟಿವಿ ಬಹಳ ಚೆನ್ನಾಗಿದೆಯಮ್ಮ, ಅದರದ್ದೇನೂ ದೂರಿಲ್ಲ," ಎಂದಳು ಅವಳು. "ಮನೆ ಮಾತ್ರ ಒಂದು ಸೈಜ್ ಚಿಕ್ಕದು ಬಂದುಬಿಟ್ಟಿದೆ. ಬದಲಾಯಿಸಿ ಕೊಡ್ತಾರಾ, ಒಂದು ಮಾತು ಕೇಳಿ ನೋಡಿ."