ಗೋಡೆ ಸರಿಯಬೇಕು, ಸಾಮಾನು ಉಳಿಯಬೇಕು

ಬೆಟ್ಟದ ತಾಯಿಗೆ ಮೊದಲು ಕೈಮುಗಿಯುತ್ತೇನೆ. ಯಾವುದನ್ನೂ ಕಳೆಯದೆ ಎಲ್ಲವನ್ನೂ ಕಾಯುವವಳು ಅವಳೊಬ್ಬಳೇ. ನಾವೆಲ್ಲ ಬರೀ ಕಾಪಿ ಮಾಡುವವರು.

ನನ್ನದು ನಜರ್‌ಬಾದಿನಲ್ಲಿ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ಹೆಚ್ಚಾಗಿ ಬರುವ ಕೆಲಸ ಹಾರ್ಡ್ ಡಿಸ್ಕಿನ ಪಾರ್ಟಿಷನ್ ಸರಿಮಾಡುವುದು. ಡಿಸ್ಕ್ ಅಂದರೆ ಒಂದು ಮನೆ ಅಂದುಕೊಳ್ಳಿ. ಸಿ, ಡಿ, ಇ ಅಂತ ಒಳಗೆ ಕೋಣೆಗಳು. ಸಿ ತುಂಬಿಹೋದರೆ ಪರದೆಯ ಮೇಲೆ ಕೆಂಪು ಪಟ್ಟಿ ಬರುತ್ತದೆ. ಆಗ ಪಕ್ಕದ ಕೋಣೆಯ ಗೋಡೆ ಸರಿಸಿ ಜಾಗ ಮಾಡಿಕೊಡಬೇಕು, ಒಳಗಿನ ಸಾಮಾನು ಒಂದೂ ಕಳೆಯಬಾರದು. ಗೋಡೆ ಅರ್ಧ ಸರಿದಾಗ ಕರೆಂಟ್ ಹೋದರೆ ಸಾಮಾನಿನ ಕಥೆ ಮುಗಿಯಿತು. ಅದಕ್ಕೇ ಸ್ಟಾರ್ಟ್ ಒತ್ತುವ ಮುಂಚೆ ಒಮ್ಮೆ ಕಣ್ಣು ಮುಚ್ಚುತ್ತೇನೆ. ಇಷ್ಟು ವರ್ಷದಲ್ಲಿ ತಾಯಿ ಒಂದು ಫೈಲನ್ನೂ ಕೈಬಿಟ್ಟಿಲ್ಲ. ನಗುವಿಗೂ ಕಡಿಮೆ ಮಾಡಿಲ್ಲ. ಇಂಥವು ನಡೆಯುತ್ತಲೇ ಇರುತ್ತವೆ.

೧. ಎರಡೆರಡು ಕಾಪಿ

ಮದುವೆ ಫೋಟೋ ತೆಗೆಯುವವರೊಬ್ಬರು ಸಿಪಿಯು ಹೊತ್ತು ತಂದರು. ಸಿ ಕೆಂಪಾಗಿತ್ತು.

"ಫೋಟೋಗಳ ಇನ್ನೊಂದು ಕಾಪಿ ಇದೆಯಾ?" ಅಂದೆ.

"ಇದೆ ಸಾರ್. ಡಿಯಲ್ಲಿ ಒಂದು, ಇಯಲ್ಲಿ ಇನ್ನೊಂದು."

"ಎರಡೂ ಒಂದೇ ಡಿಸ್ಕಲ್ಲಿ ತಾನೆ? ಬೀಗದ ಕೈ, ಅದರ ಡೂಪ್ಲಿಕೇಟು, ಎರಡನ್ನೂ ಒಂದೇ ಜೇಬಲ್ಲಿ ಇಟ್ಕೊಂಡ ಹಾಗಾಯ್ತಲ್ಲ."

ಅವರು ಮೆಲ್ಲಗೆ ಜೇಬಿನಿಂದ ಕೀ ಗೊಂಚಲು ತೆಗೆದು ತೋರಿಸಿದರು. ಸ್ಕೂಟರಿನ ಎರಡು ಕೀ, ಮನೆಯ ಎರಡು ಕೀ, ನಾಲ್ಕೂ ಒಂದೇ ರಿಂಗಿನಲ್ಲಿ.

"ಕಳೆದೋದ್ರೆ ಇರ್ಲಿ ಅಂತ ಯಾವಾಗ್ಲೂ ಜೊತೇಲೇ ಇಟ್ಕೊಂಡಿರ್ತೀನಿ ಸಾರ್."

೨. ಮೇಲಿನ ಜಾಗ

ರಾಮಕೃಷ್ಣನಗರದ ನಿವೃತ್ತ ಮೇಷ್ಟ್ರೊಬ್ಬರು ಮನೆಗೆ ಕರೆಸಿಕೊಂಡರು, ಅವರಿಗೆ ಬೇರೆಯೇ ಸಂಕಟ. ಅವರ ಸ್ತೋತ್ರಗಳೆಲ್ಲ ಎಫ್ ಡ್ರೈವಿನಲ್ಲಿದ್ದವು.

"ನೋಡಿ, ದೇವರು ಎಲ್ಲಕ್ಕಿಂತ ಕೆಳಗೆ ಕೂತಿದಾನೆ. ನನಗೆ ಊಟ ಸೇರ್ತಿಲ್ಲ."

ನನಗೂ ಅದು ಸರಿ ಅನ್ನಿಸಿತು. ಫ್ಲಾಪಿ ಕಾಲ ಮುಗಿದ ಮೇಲೆ ಎ ಅಕ್ಷರ ಖಾಲಿಯೇ ಬಿದ್ದಿದೆಯಲ್ಲ, ಅದನ್ನೇ ಕೊಟ್ಟೆ. ದೇವರು ಪಟ್ಟಿಯ ನೆತ್ತಿಗೆ ಬಂದ. ಮೇಷ್ಟ್ರು ಪರದೆಗೆ ಕೈಮುಗಿದು ಕೆನ್ನೆ ತಟ್ಟಿಕೊಂಡರು.

"ಇನ್ನು ನಮ್ಮನೆಯವಳ ಫೋಟೋಗಳು. ಅವನ್ನ ಎಲ್ಲಿಡೋಣ?"

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು: "ದೇವರ ಪಕ್ಕದಲ್ಲೇ ಇಡ್ಸಿ. ಇವರ ಜೊತೆ ನಲವತ್ತು ವರ್ಷ ಬಾಳಿದೀನಿ, ಅಷ್ಟು ಪುಣ್ಯ ಬಂದಿದೆ."

೩. ಓಡುವ ಆಯುಧ

ಕಡಕೊಳದಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಮಗ್ಗುಗಳ ಅಚ್ಚು ಮಾಡುವ ಕಾರ್ಖಾನೆ. ಡ್ರಾಯಿಂಗುಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿ, ಅದರ ಸಿ ತುಂಬಿಹೋಗಿತ್ತು. ಅದಕ್ಕೆ ಬಿಡುವಾಗುವುದು ಆಯುಧಪೂಜೆ ದಿನ ಮಾತ್ರ ಅಂತ ಅವತ್ತೇ ಕರೆದರು. ನನ್ನ ಸ್ಕ್ರೂಡ್ರೈವರುಗಳನ್ನೆಲ್ಲ ದೇವರ ಮುಂದಿಟ್ಟು, ಬರೀ ಪೆನ್ ಡ್ರೈವ್ ಹಿಡಿದು ಹೋದೆ.

ಡ್ರಾಯಿಂಗ್ ಮಾಡುವವರನ್ನು ಕಾಪಿ ಕೇಳಿದೆ. "ಇದೆ ಸಾರ್" ಅಂತ ಇನ್ನೊಂದು ಡಿಸ್ಕ್ ತೋರಿಸಿದರು. ಕಣ್ಣು ಮುಚ್ಚಿ, ಸ್ಟಾರ್ಟ್ ಒತ್ತಿದೆ. ಗೋಡೆ ಸರಿಯತೊಡಗಿತು. ಆಮೇಲೆ ಮಾತಿಗೆ ಅಂತ ಕೇಳಿದೆ:

"ಕಾಪಿ ಯಾವಾಗ ತಗೊಂಡಿದ್ದು?"

"ಹೋದ್ ವರ್ಷ ಆಯುಧಪೂಜೆ ದಿನ. ಒಳ್ಳೆ ದಿನ ಅಂತ ಪ್ರತಿ ವರ್ಷ ಇವತ್ತೇ ತಗೊಳ್ಳೋದು. ಈ ಸಲದ್ದು ಪೂಜೆ ಆದ್ಮೇಲೆ."

ಕೇಳದೆ ಒತ್ತಿದ ತಪ್ಪು ನನ್ನದೇ. ಒಂದು ವರ್ಷದ ಡ್ರಾಯಿಂಗುಗಳು ಈಗ ಆ ಗೋಡೆಯ ಕೆಳಗಿದ್ದವು.

ಅಷ್ಟರಲ್ಲಿ ಯಜಮಾನರು ರೇಷ್ಮೆ ಪಂಚೆ ಉಟ್ಟು ಪುರೋಹಿತರ ಜೊತೆ ಬಂದರು. ಮಿಷನ್ನುಗಳೆಲ್ಲ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ಸುಮ್ಮನೆ ನಿಂತಿದ್ದವು.

"ಇದೊಂದ್ಯಾಕೆ ಓಡ್ತಿದೆ? ಆಫ್ ಮಾಡ್ರೀ," ಅಂದರು ಯಜಮಾನರು.

"ಈಗ ನಿಲ್ಲಿಸೋ ಹಾಗಿಲ್ಲ ಸ್ವಾಮಿ, ಈ ವರ್ಷದ ಡ್ರಾಯಿಂಗೆಲ್ಲ ಹೊರಟೋಗುತ್ತೆ," ಅಂದೆ.

"ಓಡೋ ಆಯುಧಕ್ಕೆ ಎಂಗ್ರೀ ಪೂಜೆ ಮಾಡೋದು?"

ಅವರ ಮಾತೂ ಸುಳ್ಳಲ್ಲ. ನಾನೂ ಅದನ್ನೇ ನಂಬಿದವನು. ಅವರ ಕೈ ಸ್ವಿಚ್ಚಿನ ಕಡೆ ಹೋಯಿತು. ಡ್ರಾಯಿಂಗಿನವರು ಓಡಿಬಂದು ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತರು. "ಬೇಕಾದ್ರೆ ನನ್ನ ಆಫ್ ಮಾಡ್ಬುಡಿ ಸಾರ್."

ನಾನು ಮನಸ್ಸಿನಲ್ಲೇ ತಾಯಿಯನ್ನು ಕರೆದೆ. ಪುರೋಹಿತರು ಬಗ್ಗಿ ಪರದೆ ನೋಡಿದರು.

"ಇದೀಗ ಏನು ಮಾಡ್ತಾ ಇದೆ?"

"ಹಳೇ ಜಾಗದಿಂದ ಹೊಸ ಜಾಗಕ್ಕೆ ಸಾಮಾನು ಸಾಗಿಸ್ತಾ ಇದೆ ಸ್ವಾಮಿ."

"ಅಂದ್ರೆ ದುಡೀತಿಲ್ಲ. ಮನೆ ಬದಲಾಯಿಸ್ತಿದೆ."

"ಹೌದು."

"ಮತ್ತೆ ಇದಕ್ಯಾಕೆ ಆಯುಧಪೂಜೆ? ಗೃಹಪ್ರವೇಶ ಮಾಡ್ಬಿಡೋಣ. ಹಾಲು ತರಿಸಿ."

ಮಿಷನ್ನುಗಳಿಗೆಲ್ಲ ಕುಂಬಳಕಾಯಿ ಒಡೆದಾಯಿತು. ಕಂಪ್ಯೂಟರಿಗೆ ಮಾವಿನ ತೋರಣ ಬಂತು. ಕ್ಯಾಂಟೀನಿನ ಅಕ್ಕ ಗ್ಯಾಸ್ ಒಲೆ ತಂದು ಹಾಲಿಟ್ಟರು. ಎಲ್ಲರದೂ ಒಂದು ಕಣ್ಣು ಪಾತ್ರೆಯ ಮೇಲೆ, ಒಂದು ಕಣ್ಣು ಪರದೆಯ ಮೇಲೆ. ತೊಂಬತ್ತೊಂಬತ್ತು ಪರ್ಸೆಂಟಿಗೆ ಬಂದು ಪರದೆ ನಿಂತುಬಿಟ್ಟಿತು. ಹಾಲು ಮೇಲೇರುತ್ತಿತ್ತು.

"ಉರಿ ಸಣ್ಣ ಮಾಡ್ಲಾ ಸಾರ್? ಎರಡೂ ಒಟ್ಟಿಗೆ ಬರ್ಲಿ," ಅಂದರು ಅಕ್ಕ.

ಸಣ್ಣ ಮಾಡಿದರು. ನೂರು ಬಂತು, ಹಾಲೂ ಉಕ್ಕಿತು. ಡ್ರಾಯಿಂಗಿನವರು ಹಿಂದಿನ ದಿನ ಬರೆದ ಮಗ್ಗಿನ ಹಿಡಿಯ ಡ್ರಾಯಿಂಗ್ ತೆರೆದರು. ಇತ್ತು. ವರ್ಷದ್ದೆಲ್ಲ ಇತ್ತು. ಸಿ ಕೋಣೆಯೂ ಎರಡರಷ್ಟಾಗಿತ್ತು. ಅವರು ಅತ್ತೇಬಿಟ್ಟರು, ಶೆಡ್ಡಿಗೆ ಶೆಡ್ಡೇ ಚಪ್ಪಾಳೆ ತಟ್ಟಿತು, ಯಜಮಾನರು ನನ್ನ ಕೈ ಹಿಡಿದುಕೊಂಡರು.

ಪುರೋಹಿತರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಚೀಲದಲ್ಲಿ ಪಂಚಾಂಗದ ಕೆಳಗಿಂದ ಒಂದು ಲ್ಯಾಪ್‌ಟಾಪ್ ಹೊರತೆಗೆದರು.

"ನಂದೂ ಸಿ ಕೆಂಪಾಗಿ ತಿಂಗಳಾಯ್ತು ಕಣ್ರೀ. ಹಾಲಿನ್ನೂ ಅರ್ಧ ಪಾತ್ರೆ ಇದೆ, ಕೂತ್ಬಿಡಿ."

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ತಾಯಿ ಒಳ್ಳೆಯದು ಮಾಡಲಿ. ನಿಮ್ಮ ಮನೆಯಲ್ಲಿ ಬಂದವರಿಗೆಲ್ಲ ಜಾಗವಿರಲಿ, ಇಟ್ಟದ್ದು ಇಟ್ಟಲ್ಲೇ ಸಿಗಲಿ.